ಬೆಳಕಿನ ತಳ್ಳಾಟ ಅಳೆದ ಲೆಬೆದೆವ್

ಒಂದೆರಡು ಮೈಕ್ರೋಮೀಟರ್‌ನ ಗಾಜಿನ ಗುಂಡಿಗೆ ಅರ್ಧ ಮೈ ಮಾತ್ರ ಚಿನ್ನ ಲೇಪಿಸಿ, ನೀರಲ್ಲಿ ಬಿಟ್ಟು ಲೇಸರ್ ಹಾಯಿಸಿದ್ರೆ ಅದು ತಾನಾಗೇ ಈಜುತ್ತೆ. ಬೆಳಕು ತಳ್ಳುತ್ತೆ ಅಂತಲ್ಲ. ಚಿನ್ನದ ಕಡೆ ಬಿಸಿಯಾಗಿ, ಪಕ್ಕದ ನೀರು ಗುಂಡಿನ ಮೈಗುಂಟ ಹರಿಯುತ್ತೆ, ಅದಕ್ಕೆ. ಇದರ ಬಗ್ಗೆ ಓದುವಾಗ ನಮಗೆ ಸಿಕ್ಕವರು ಪ್ಯೋತರ್ ಲೆಬೆದೆವ್. ಇಂಥದ್ದೇ ಬಿಸಿಯ ಕಾಟ ತಪ್ಪಿಸೋಕೆ ಒದ್ದಾಡಿದ ಮನುಷ್ಯ.

1866ರಲ್ಲಿ ಮಾಸ್ಕೋದ ವ್ಯಾಪಾರಿ ಮನೆಯಲ್ಲಿ ಹುಟ್ಟಿದರು. ಸೇರಿದ್ದು ನಮ್ಮ ಹಾಗೇ ಎಂಜಿನಿಯರಿಂಗ್ ಓದೋಕೆ, ಆದರೆ ಮುಗಿಸಲಿಲ್ಲ. (ಈ ಸಾಲನ್ನ ಮನೆಯಲ್ಲಿ ತೋರಿಸಬೇಡಿ.) 1887ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಆಗಸ್ಟ್ ಕುಂಟ್ ಅವರ ಹತ್ತಿರ ಭೌತಶಾಸ್ತ್ರ ಕಲಿತು, 1891ರಲ್ಲಿ ಡಾಕ್ಟರೇಟ್ ಪಡೆದು ಮಾಸ್ಕೋಗೆ ಮರಳಿದರು.

ಧೂಮಕೇತುವಿನ ಬಾಲ ಯಾಕೆ ಸೂರ್ಯನಿಂದ ಆಚೆಗೇ ಚಾಚಿರುತ್ತೆ ಅನ್ನೋದು ಅವರನ್ನ ಕಾಡ್ತಿತ್ತು. ಬೆಳಕಿಗೆ ಒತ್ತಡ ಇದೆ ಅಂತ ಮ್ಯಾಕ್ಸ್‌ವೆಲ್ 1873ರಲ್ಲೇ ಲೆಕ್ಕ ಹಾಕಿದ್ದರು. ಆದರೆ ಎಷ್ಟು? ಒಂದು ಚದರ ಮೀಟರ್ ಕಪ್ಪು ಹಲಗೆಯನ್ನ ಬಿಸಿಲು ತಳ್ಳೋದು ಅರ್ಧ ಮಿಲಿಗ್ರಾಂ ತೂಕಕ್ಕಿಂತ ಕಡಿಮೆ!

ಲೆಬೆದೆವ್ ಗಾಜಿನ ಬುರುಡೆಯೊಳಗೆ ತೆಳ್ಳನೆ ಲೋಹದ ಬಿಲ್ಲೆಗಳನ್ನ ಗಾಜಿನ ಎಳೆಯಿಂದ ತೂಗುಬಿಟ್ಟರು. ಆರ್ಕ್ ದೀಪದ ಬೆಳಕು ಬಿದ್ದಾಗ ಎಳೆ ಎಷ್ಟು ತಿರುಚುತ್ತೆ ಅಂತ ನೋಡಬೇಕು. ತೊಂದರೆ ಏನಂದ್ರೆ, ಬಿಲ್ಲೆ ಬಿಸಿಯಾದ ಕೂಡಲೇ ಬುರುಡೆಯಲ್ಲಿ ಉಳಿದ ಚೂರು ಗಾಳಿಯೇ ಅದನ್ನ ತಳ್ಳುತ್ತೆ. ಬೆಳಕಿನ ಒತ್ತಡ ಅದರಲ್ಲಿ ಮುಚ್ಚಿಹೋಗುತ್ತೆ. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ರೆ ನಾವು ಪಕ್ಕದ ಬ್ಯಾಚ್‌ನದ್ದು ನೋಡ್ತೀವಿ. ಇವರಿಗೆ ಪಕ್ಕದ ಬ್ಯಾಚ್ ಇರಲಿಲ್ಲ. ಬುರುಡೆಗೆ ಒಂದು ಹನಿ ಪಾದರಸ ಹಾಕಿ ಕಾಯಿಸಿದರು. ಅದರ ಆವಿ ಉಳಿದ ಗಾಳಿಯನ್ನ ಹೊರಗೆ ಒಯ್ದಿತು, ಆಮೇಲೆ ತಂಪು ಮಾಡಿ ಆ ಆವಿಯನ್ನೂ ಹೆಪ್ಪುಗಟ್ಟಿಸಿದರು. ಬಿಲ್ಲೆಯ ಎರಡೂ ಮುಖ ಒಂದೇ ಬಿಸಿಯಲ್ಲಿರಲಿ ಅಂತ ತೀರಾ ತೆಳು ಲೋಹ. ಬೆಳಕನ್ನ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಹಾಯಿಸಿದರು. ಉತ್ತರ ಮ್ಯಾಕ್ಸ್‌ವೆಲ್ ಲೆಕ್ಕಕ್ಕೆ ಹತ್ತಿರ ಬಂತು. 1900ರಲ್ಲಿ ಪ್ಯಾರಿಸ್ ಸಮ್ಮೇಳನದಲ್ಲಿ ಹೇಳಿದರು, 1901ರಲ್ಲಿ ಪ್ರಕಟಿಸಿದರು. ಆಮೇಲೆ ಅನಿಲಗಳ ಮೇಲೂ ಬೆಳಕಿನ ಒತ್ತಡ ಅಳೆದರು. ಅದು ಇನ್ನೂ ಕಷ್ಟದ ಕೆಲಸ.

1911ರಲ್ಲಿ ಸರ್ಕಾರ ವಿಶ್ವವಿದ್ಯಾಲಯದೊಳಗೆ ಕೈಹಾಕಿದಾಗ ನೂರಕ್ಕೂ ಹೆಚ್ಚು ಅಧ್ಯಾಪಕರು ರಾಜೀನಾಮೆ ಕೊಟ್ಟರು. ಲೆಬೆದೆವ್ ಕೂಡ. ಅಷ್ಟು ವರ್ಷ ಕಟ್ಟಿದ ಲ್ಯಾಬ್ ಹೋಯಿತು, ಮನೆಯೂ ಹೋಯಿತು, ಹೃದಯ ಮೊದಲೇ ದುರ್ಬಲ. ಸ್ಟಾಕ್‌ಹೋಮ್‌ನಿಂದ ಕರೆ ಬಂದರೂ ಹೋಗಲಿಲ್ಲ. ಮಾಸ್ಕೋದಲ್ಲೇ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಶಿಷ್ಯರ ಜೊತೆ ಮತ್ತೆ ಲ್ಯಾಬ್ ಶುರುಮಾಡಿದರು. 1912ರ ಮಾರ್ಚ್‌ನಲ್ಲಿ ತೀರಿಕೊಂಡರು. ವಯಸ್ಸು 46.