ರೇಚಲ್ ಕಾರ್ಸನ್: ಕಡಲಿನ ಕತೆಯನ್ನು ಜನರಿಗೆ ಮುಟ್ಟಿಸಿದ ಸರ್ಕಾರಿ ನೌಕರೆ

ರೇಚಲ್ ಕಾರ್ಸನ್ ಅಂದ ತಕ್ಷಣ ನೆನಪಾಗೋದು ಡಿಡಿಟಿ ಮತ್ತು ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ. ರಾಸಾಯನಿಕ ಕಂಪನಿಗಳನ್ನು ಎದುರು ಹಾಕಿಕೊಂಡ ಒಂಟಿ ಹೆಣ್ಣುಮಗಳು ಎಂಬ ಚಿತ್ರ. ಇದು ಸುಳ್ಳಲ್ಲ, ಆದರೆ ಅರ್ಧ ಕತೆ ಅಷ್ಟೇ. ಅದಕ್ಕೂ ಮೊದಲು ಆಕೆ 16 ವರ್ಷ ಅಮೆರಿಕ ಸರ್ಕಾರದ ಸಂಬಳ ಪಡೆದು, ಮೀನು ಮತ್ತು ವನ್ಯಜೀವಿಗಳ ಬಗ್ಗೆ ಬರೆಯುತ್ತಿದ್ದ ನೌಕರೆ. ವಿಜ್ಞಾನಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅಂತ ಕೇಳುವವರಿಗೆ ಈ ಉಳಿದರ್ಧದಲ್ಲಿ ಉತ್ತರ ಇದೆ.

ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್‌ನಲ್ಲಿ. ಕಡಲಿಗೂ ಆ ಊರಿಗೂ ಸಂಬಂಧವೇ ಇಲ್ಲ. ಸಾಹಿತ್ಯ ಓದಲು ಕಾಲೇಜು ಸೇರಿದವರು ಜೀವಶಾಸ್ತ್ರದ ಕಡೆ ತಿರುಗಿದರು. ಡಿಗ್ರಿ ಮುಗಿದ 1929ರ ಬೇಸಿಗೆಯಲ್ಲಿ ವುಡ್ಸ್ ಹೋಲ್‌ನ ಸಾಗರ ಪ್ರಯೋಗಾಲಯಕ್ಕೆ ಹೋದಾಗಲೇ ಮೊದಲ ಸಲ ಸಮುದ್ರ ನೋಡಿದ್ದು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಮುಂದೆ ಪಿಎಚ್‌ಡಿ ಮಾಡೋ ಆಸೆ ಇತ್ತು. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. 1935ರಲ್ಲಿ ಅಪ್ಪ ತೀರಿಕೊಂಡರು. ಮನೆ ನಡೆಸುವ ಭಾರ ಹೆಗಲಿಗೆ ಬಿತ್ತು.

ಆಗ ಕೈಹಿಡಿದದ್ದು ಸರ್ಕಾರದ ಮೀನುಗಾರಿಕೆ ಇಲಾಖೆ. ಮೊದಲು ಕಡಲಜೀವಿಗಳ ಬಗ್ಗೆ ರೇಡಿಯೊ ಕಾರ್ಯಕ್ರಮಗಳಿಗೆ ಬರೆಯುವ ತಾತ್ಕಾಲಿಕ ಕೆಲಸ. 1936ರಲ್ಲಿ ಪರೀಕ್ಷೆ ಬರೆದು ಕಿರಿಯ ಜಲಜೀವಿ ತಜ್ಞೆಯಾಗಿ ಕಾಯಂ ನೌಕರಿ. ಇಲಾಖೆಯ ಕಿರುಹೊತ್ತಿಗೆಗೆ ಆಕೆ ಬರೆದುಕೊಟ್ಟ ಮುನ್ನುಡಿಯನ್ನು ಮೇಲಧಿಕಾರಿ ಎಲ್ಮರ್ ಹಿಗಿನ್ಸ್ ವಾಪಸ್ ಕೊಟ್ಟರಂತೆ. ಸರ್ಕಾರಿ ಪ್ರಕಟಣೆಗೆ ಇದು ತುಂಬಾ ಚೆನ್ನಾಯ್ತು, ಒಳ್ಳೆ ಪತ್ರಿಕೆಗೆ ಕಳಿಸಿ ಅನ್ನೋದು ಅವರ ಸಲಹೆ. ಅದು 1937ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಬಂತು. ಲೇಖಕಿ ಹುಟ್ಟಿದ್ದು ಹೀಗೆ, ಸರ್ಕಾರಿ ಮೇಜಿನ ಮೇಲೆ.

1949ರ ಹೊತ್ತಿಗೆ ಆಕೆ ಮೀನು ಮತ್ತು ವನ್ಯಜೀವಿ ಸೇವೆಯ ಎಲ್ಲ ಪ್ರಕಟಣೆಗಳ ಮುಖ್ಯ ಸಂಪಾದಕಿ. ಅದೇ ವರ್ಷ ಇಲಾಖೆಯ ಸಂಶೋಧನಾ ಹಡಗು ‘ಆಲ್ಬಟ್ರಾಸ್-3’ ಹತ್ತಿ ಜಾರ್ಜಸ್ ಬ್ಯಾಂಕ್ ಮೀನುಗಾರಿಕೆ ಪ್ರದೇಶಕ್ಕೆ ಹೋದರು. ಗಂಡಸರೇ ತುಂಬಿದ ಹಡಗಿನಲ್ಲಿ ಒಬ್ಬಳೇ ಹೆಂಗಸು ಹೇಗೆ ಅಂತ ತಕರಾರು ಬಂದಾಗ, ತಮ್ಮ ಪುಸ್ತಕಗಳ ಏಜೆಂಟ್ ಮೇರಿ ರೋಡೆಲ್ ಅವರನ್ನೂ ಜೊತೆಗೆ ಕರೆದುಕೊಂಡು ಹೊರಟರು.

1951ರಲ್ಲಿ ಬಂದ ‘ದ ಸೀ ಅರೌಂಡ್ ಅಸ್’ 86 ವಾರ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿತ್ತು. ಅದರೊಳಗಿನ ಎಷ್ಟೋ ಹೊಸ ಮಾಹಿತಿ ಎಲ್ಲಿಂದ ಬಂತು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಯುದ್ಧಕ್ಕಾಗಿ ಸರ್ಕಾರಗಳು ಹಣ ಸುರಿದು ಕಡಲಿನ ಆಳ, ಅಲೆ, ಪ್ರವಾಹಗಳನ್ನು ಅಳೆಸಿದ್ದವು. ತೆರಿಗೆದಾರರ ಹಣದಲ್ಲಿ ಸಿಕ್ಕ ಆ ತಿಳಿವಳಿಕೆಯನ್ನು ಕಾರ್ಸನ್ ತೆರಿಗೆದಾರರ ಮನೆಗೆ ಮುಟ್ಟಿಸಿದರು. ಪುಸ್ತಕ ದುಡ್ಡು ತಂದಾಗ ಗುಗೆನ್‌ಹೈಮ್ ಫೆಲೋಶಿಪ್‌ನ ಹಣ ವಾಪಸ್ ಕೊಟ್ಟು, 1952ರಲ್ಲಿ ನೌಕರಿ ಬಿಟ್ಟರು.

ಬಿಟ್ಟ ಮರುವರ್ಷವೇ ಅದರ ಅರ್ಥ ಕಾಣಿಸಿತು. ಹೊಸದಾಗಿ ಬಂದ ಐಸೆನ್‌ಹೋವರ್ ಸರ್ಕಾರ ಮೀನು ಮತ್ತು ವನ್ಯಜೀವಿ ಸೇವೆಯ ನಿರ್ದೇಶಕ ಆಲ್ಬರ್ಟ್ ಡೇ ಅವರನ್ನು ಹುದ್ದೆಯಿಂದ ಕಿತ್ತುಹಾಕಿತು. ಕಾರ್ಸನ್ ‘ವಾಷಿಂಗ್ಟನ್ ಪೋಸ್ಟ್‌’ಗೆ ಪತ್ರ ಬರೆದು, ಪರಿಣತರನ್ನು ತೆಗೆದು ರಾಜಕೀಯ ನೇಮಕಾತಿ ಮಾಡೋದು ಅಂದರೆ ನಿಸರ್ಗ ಸಂಪತ್ತಿನ ಲೂಟಿಗೆ ಬಾಗಿಲು ತೆರೆಯೋದು ಅಂತ ಎಚ್ಚರಿಸಿದರು. ಒಳಗಿದ್ದಿದ್ದರೆ ಇದನ್ನು ಬರೆಯೋಕೆ ಆಗ್ತಿತ್ತಾ?

ಇನ್ನು ‘ಸೈಲೆಂಟ್ ಸ್ಪ್ರಿಂಗ್’ (1962). ಇಲ್ಲಿ ಸರ್ಕಾರ ಎರಡು ವೇಷದಲ್ಲಿದೆ. ಕೃಷಿ ಇಲಾಖೆ ಸಾರ್ವಜನಿಕ ಹಣದಲ್ಲಿ ವಿಮಾನದಿಂದ ವಿಷ ಸಿಂಪಡಿಸುತ್ತಿತ್ತು. ವನ್ಯಜೀವಿ ಇಲಾಖೆ ಸತ್ತ ಹಕ್ಕಿ, ಮೀನುಗಳನ್ನು ಲೆಕ್ಕ ಹಾಕುತ್ತಿತ್ತು. ಎರಡನೆಯವರ ಬಜೆಟ್ಟೂ ಚಿಕ್ಕದು, ದನಿಯೂ ಚಿಕ್ಕದು. ಆ ದನಿಗೆ ಮೈಕ್ ಹಿಡಿದವರು ಕಾರ್ಸನ್. ಹೆಸರು ಹೇಳಲಾಗದ ಸರ್ಕಾರಿ ವಿಜ್ಞಾನಿಗಳೂ ಆಕೆಗೆ ಮಾಹಿತಿ ಕೊಟ್ಟರು.

ಪುಸ್ತಕದಲ್ಲಿ ಕೆನಡಾದ ಮಿರಾಮಿಚಿ ನದಿಯ ಪ್ರಸಂಗ ಬರುತ್ತೆ. ಸಾಲ್ಮನ್ ಮೀನು ಕಡಲಿಂದ ಬಂದು ಮೊಟ್ಟೆ ಇಡುವ ನದಿ ಅದು. 1954ರಲ್ಲಿ ಸುತ್ತಲಿನ ಕಾಡಿನ ಹುಳು ಕೊಲ್ಲಲು ಡಿಡಿಟಿ ಸುರಿದರು. ಆ ವಸಂತದಲ್ಲಿ ಹುಟ್ಟಿದ ಮರಿಗಳು ನಾಶವಾದವು. ಇದು ಗೊತ್ತಾದದ್ದು ಹೇಗೆ? ಕೆನಡಾ ಸರ್ಕಾರದ ಮೀನುಗಾರಿಕಾ ಸಂಶೋಧನಾ ಮಂಡಳಿ 1950ರಿಂದಲೇ ಆ ನದಿಯ ಸಾಲ್ಮನ್‌ಗಳನ್ನು ಎಣಿಸುತ್ತಾ ಬಂದಿತ್ತು. ವಿಷ ಬೀಳುವ ಮುಂಚಿನ ಅಂಕಿ ಕೈಯಲ್ಲಿತ್ತು. ಆ ಅಂಕಿ ಇಲ್ಲದಿದ್ದರೆ ಎಷ್ಟು ಸತ್ತವು ಅನ್ನೋದಕ್ಕೆ ಲೆಕ್ಕವೇ ಇರ್ತಿರಲಿಲ್ಲ.

ಕಂಪನಿಗಳು ಆಕೆಯ ಮೇಲೆ ಮುಗಿಬಿದ್ದವು. 1963ರ ಮೇನಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯ ವರದಿ ಬಹುಪಾಲು ಆಕೆಯ ಕಾಳಜಿಯನ್ನೇ ಎತ್ತಿ ಹಿಡಿಯಿತು. ಜೂನ್‌ನಲ್ಲಿ ಸೆನೆಟ್ ಸಮಿತಿ ಮುಂದೆ ಸಾಕ್ಷಿ ಹೇಳಿದಾಗ ಕ್ಯಾನ್ಸರ್ ಆಕೆಯನ್ನು ಹಿಂಡಿಹಾಕಿತ್ತು. ಅದನ್ನು ಹೊರಜಗತ್ತಿಗೆ ತಿಳಿಸಿರಲಿಲ್ಲ. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು.

1966ರಲ್ಲಿ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಪೆಂಗ್ವಿನ್ ಮತ್ತು ಸೀಲ್ ದೇಹದಲ್ಲಿ ಡಿಡಿಟಿ ಕಂಡುಹಿಡಿದರು. ಹೊಲ ಇಲ್ಲದ, ಹುಳು ಹೊಡೆಯುವವರಿಲ್ಲದ ಜಾಗಕ್ಕೂ ವಿಷ ತಲುಪಿತ್ತು. 1972ರಲ್ಲಿ ಅಮೆರಿಕ ಡಿಡಿಟಿಯ ಬಹುತೇಕ ಬಳಕೆ ನಿಲ್ಲಿಸಿತು. ಅದೇ ವರ್ಷ ತಿಮಿಂಗಿಲ, ಡಾಲ್ಫಿನ್, ಸೀಲ್‌ಗಳಿಗಾಗಿ ಸಾಗರ ಸಸ್ತನಿ ರಕ್ಷಣಾ ಕಾಯ್ದೆ ಬಂತು. ಸರ್ಕಾರದ ಕೆಲಸದ ಮೇಲೆ ಕಣ್ಣಿಡಲು ಸ್ವತಂತ್ರ ಆಯೋಗವನ್ನೂ ಅದು ರಚಿಸಿತು. ಈ ಕಾಯ್ದೆ ಕಾರ್ಸನ್ ಒಬ್ಬರ ಸಾಧನೆ ಅಂದರೆ ಉತ್ಪ್ರೇಕ್ಷೆ. ಅದಕ್ಕೆ ಬೇಕಾದ ಜನಾಭಿಪ್ರಾಯದ ನೆಲ ಹದ ಮಾಡಿದವರಲ್ಲಿ ಆಕೆ ಮುಂಚೂಣಿಯಲ್ಲಿದ್ದರು ಅನ್ನಬಹುದು.

ಬಜೆಟ್ ಕಡಿತ ಅಂದಾಗ ಮೀನು ಎಣಿಸುವವರು, ತಿಮಿಂಗಿಲ ಲೆಕ್ಕ ಹಾಕುವವರು ದಂಡ ಅನ್ನಿಸೋದು ಸುಲಭ. ಅವರ ಕೆಲಸಕ್ಕೆ ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ. ಆದರೆ ಮಿರಾಮಿಚಿಯಲ್ಲಿ ನಾಲ್ಕು ವರ್ಷ ಸುಮ್ಮನೆ ಮೀನು ಎಣಿಸಿದವರಿಲ್ಲದೆ ಕಾರ್ಸನ್ ಕೈಯಲ್ಲಿ ಪುರಾವೆ ಇರುತ್ತಿರಲಿಲ್ಲ. ಕಾರ್ಸನ್ ಇಲ್ಲದೆ ಆ ಲೆಕ್ಕ ಕಡತದಲ್ಲೇ ಕೊಳೆಯುತ್ತಿತ್ತು. ಎಣಿಸುವವರಿಗೆ ಸಂಬಳ ಬೇಕು, ಹೇಳುವವರಿಗೆ ಸ್ವಾತಂತ್ರ್ಯ ಬೇಕು. ಒಂದನ್ನು ಕಿತ್ತುಕೊಂಡರೂ ಸಾಕು, ಲಾಭ ವಿಷ ಮಾರುವವರಿಗೇ.