ಅಸ್ತ್ರ ಒಲೆ, ಗೋಬರ್ ಗ್ಯಾಸ್ ಮತ್ತು ಪ್ರೊಫೆಸರ್ ಅಮೂಲ್ಯ ರೆಡ್ಡಿ

ಕಟ್ಟಿಗೆ ಒಲೆಯ ಅಡುಗೆಯೇ ಆರೋಗ್ಯಕ್ಕೆ ಒಳ್ಳೆಯದು, ಅದರ ಹೊಗೆ ನೈಸರ್ಗಿಕ, ಅದರಿಂದ ಏನೂ ಆಗಲ್ಲ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಗ್ಯಾಸ್ ಸಿಲಿಂಡರ್ ಬಂದ ಮೇಲೂ ಜೋಳದ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆ ಹಚ್ಚುವ ಮನೆಗಳು ಇನ್ನೂ ಇವೆ. ರುಚಿಯ ಮಾತು ಬೇರೆ. ಆದರೆ ಹೊಗೆ ನಿರುಪದ್ರವಿ ಎನ್ನುವುದು ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಶ್ವಾಸಕೋಶದ ಕಾಯಿಲೆ, ಹೃದಯಾಘಾತ ಎಲ್ಲವೂ ಈ ಲೆಕ್ಕದಲ್ಲಿವೆ.

ಈ ಒಲೆಯನ್ನು ಐವತ್ತು ವರ್ಷದ ಹಿಂದೆಯೇ ವಿಜ್ಞಾನದ ಪ್ರಶ್ನೆಯಾಗಿ ನೋಡಿದವರಲ್ಲಿ ಬೆಂಗಳೂರಿನ ಒಬ್ಬ ರಸಾಯನಶಾಸ್ತ್ರ ಪ್ರೊಫೆಸರ್ ಮುಖ್ಯರು. ಹೆಸರು ಅಮೂಲ್ಯ ಕುಮಾರ್ ಎನ್. ರೆಡ್ಡಿ.

ಹುಟ್ಟಿದ್ದು 1930ರ ಅಕ್ಟೋಬರ್ 21ರಂದು, ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1958ರಲ್ಲಿ ಪಿಎಚ್‌ಡಿ ಮುಗಿಸಿದರು. ಆಮೇಲೆ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ, ಅಲ್ಲಿಂದ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಲೋಹ ದ್ರಾವಣಕ್ಕೆ ತಾಗುವಲ್ಲಿ ವಿದ್ಯುತ್ ಹೇಗೆ ವರ್ತಿಸುತ್ತದೆ ಎನ್ನುವುದು ಅವರ ವಿಷಯ. ಬ್ಯಾಟರಿ, ತುಕ್ಕು, ಗಿಲೀಟು ಎಲ್ಲ ಇದರೊಳಗೇ ಬರುತ್ತವೆ. ಜಾನ್ ಬಾಕ್ರಿಸ್ ಜೊತೆ ಬರೆದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' 1970ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಈ ವಿಷಯ ಓದಿದವರಿಗೆ ಇವತ್ತಿಗೂ ಆ ಪುಸ್ತಕ ಪರಿಚಿತ.

1966ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಸೇರಿದರು. ಪುಸ್ತಕದ ಹೆಸರಿನ ಮೇಲೆ ನಿವೃತ್ತಿಯವರೆಗೂ ಹಾಯಾಗಿ ಇರಬಹುದಿತ್ತು. ಆದರೆ ಇಷ್ಟು ದೊಡ್ಡ ಸಂಸ್ಥೆಯ ವಿಜ್ಞಾನ ಹಳ್ಳಿಯ ಬಡವರಿಗೆ ಯಾಕೆ ತಲುಪುತ್ತಿಲ್ಲ ಎನ್ನುವ ಪ್ರಶ್ನೆ ಅವರನ್ನು ಹಿಡಿಯಿತು. 1974ರಲ್ಲಿ ಸಹೋದ್ಯೋಗಿಗಳ ಜೊತೆ 'ಅಸ್ತ್ರ' ಎಂಬ ಘಟಕ ಶುರು ಮಾಡಿದರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ, ತಂತ್ರಜ್ಞಾನ ಬಳಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಆದ ಹೆಸರದು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಆಯಿತು.

ಯಂತ್ರ ತಗೊಂಡು ಹೋಗುವ ಮೊದಲು ಅವರ ತಂಡ ಸುತ್ತಲಿನ ಹಳ್ಳಿಗಳಲ್ಲಿ ಲೆಕ್ಕ ಹಾಕಿತು. ಯಾವ ಮನೆ ಎಷ್ಟು ಸೌದೆ ಸುಡುತ್ತದೆ (ಆ ಕಡೆ ಕಟ್ಟಿಗೆಗೆ ಸೌದೆ ಅಂತಾರೆ), ಅದನ್ನು ಯಾರು ಹೊತ್ತು ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ. ಹಳ್ಳಿಯ ಇಂಧನದ ದೊಡ್ಡ ಪಾಲು ಕರೆಂಟಲ್ಲ, ಡೀಸೆಲ್ಲಲ್ಲ, ಕಟ್ಟಿಗೆ. ಅದು ಹೋಗುವುದು ಅಡುಗೆಗೆ. ಅದರ ದುಡಿಮೆಯ ಬಹುಪಾಲು ಹೆಂಗಸರು, ಮಕ್ಕಳದು. ಸರ್ಕಾರದ ಇಂಧನ ಲೆಕ್ಕದಲ್ಲಿ ಈ ದುಡಿಮೆಗೆ ಕಾಲಂ ಇರಲಿಲ್ಲ. ನನ್ನ ಪ್ರಕಾರ ಅವರ ಎಲ್ಲ ಕೆಲಸಕ್ಕಿಂತ ದೊಡ್ಡದು ಇದೇ.

ಅಸ್ತ್ರ ಒಲೆ ಹುಟ್ಟಿದ್ದು ಅಲ್ಲಿಂದ. ಅದನ್ನು ರೆಡ್ಡಿಯವರೊಬ್ಬರೇ ಕಂಡುಹಿಡಿದರು ಅಂತ ಫಾರ್ವರ್ಡ್ ಮಾಡಬೇಡಿ. ಲೋಕ್ರಸ್, ಜಗದೀಶ್ ಮುಂತಾದ ಸಹೋದ್ಯೋಗಿಗಳ ಕೆಲಸ ಅದು. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಶೇ. 10ರ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗಾಳಿಪಾಲು. ಅಸ್ತ್ರ ಒಲೆಯಲ್ಲಿ ಬೆಂಕಿಯ ಗೂಡು ಮುಚ್ಚಿರುತ್ತದೆ, ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ, ಬಿಸಿ ಹೊಗೆ ಎರಡನೇ ಮತ್ತು ಮೂರನೇ ಪಾತ್ರೆಯ ಅಡಿ ಹಾದು ಚಿಮಣಿಯಿಂದ ಹೊರಗೆ ಹೋಗುತ್ತದೆ. ಕಟ್ಟಿಗೆಯೂ ಉಳಿಯಿತು, ಕಣ್ಣೂ ಉಳಿಯಿತು. 1980ರ ದಶಕದಲ್ಲಿ ಇದು ಕರ್ನಾಟಕದ ಹಳ್ಳಿಹಳ್ಳಿಗೂ ಹೋಯಿತು.

ಇನ್ನೊಂದು ಪ್ರಯೋಗ ಉಂಗ್ರದ ಹತ್ತಿರದ ಪುರ ಎಂಬ ಸಣ್ಣ ಊರಿನದು. ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿ, ಮನೆಮನೆಗೆ ಅಡುಗೆ ಗ್ಯಾಸ್ ಕೊಡುವ ಯೋಚನೆ. ಅದು ಕೈಕೊಟ್ಟಿತು. ಊರಿನ ಸಗಣಿಯಿಂದ ಎಲ್ಲರ ಅಡುಗೆಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಜನರಿಗೆ ಮೊದಲು ಬೇಕಿದ್ದದ್ದೂ ಗ್ಯಾಸಲ್ಲ, ಕುಡಿಯುವ ನೀರು. ತಂಡ ಹಟ ಹಿಡಿಯದೆ ಯೋಜನೆಯನ್ನೇ ತಿರುಗಿಸಿತು. 1987ರಿಂದ ಅದೇ ಗ್ಯಾಸನ್ನು ಸ್ವಲ್ಪ ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು ಕರೆಂಟ್ ಮಾಡಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ಸಗಣಿ ತಂದುಕೊಟ್ಟವರಿಗೆ ಸ್ವಲ್ಪ ಕಾಸು, ಜೊತೆಗೆ ಗೊಬ್ಬರವಾಗಿ ಬಗ್ಗಡ ವಾಪಸ್.

ಸಗಣಿಯ ಸಾರವೆಲ್ಲ ಗ್ಯಾಸಾಗಿ ಹೋದರೆ ಹೊಲಕ್ಕೆ ಉಳಿಯುವುದೇನು ಎನ್ನುವ ಅನುಮಾನ ಇವತ್ತಿಗೂ ರೈತರಲ್ಲಿದೆ. ಉರಿಯುವ ಮೀಥೇನ್‌ನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಬೆಳೆಗೆ ಬೇಕಾದ ಸಾರಜನಕ, ರಂಜಕ ಬಗ್ಗಡದಲ್ಲೇ ಉಳಿಯುತ್ತವೆ. ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ಮಾತ್ರ ಸಾರಜನಕ ಹೋಗುತ್ತದೆ.

ಮುಂದೆ ಅವರು ಇದೇ ಲೆಕ್ಕದ ಕಣ್ಣಿಂದ ಇಡೀ ರಾಜ್ಯವನ್ನು ನೋಡಿದರು. ಹೊಸ ವಿದ್ಯುತ್ ಸ್ಥಾವರ ಕಟ್ಟುವ ಮೊದಲು ನೀರು ಕಾಯಿಸಲು ಸೋಲಾರ್, ಕಡಿಮೆ ಕರೆಂಟಿನ ಬಲ್ಬು, ಒಳ್ಳೆಯ ಪಂಪ್‌ಸೆಟ್ ಕೊಟ್ಟರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಕೊಟ್ಟರು. ಅಣು ವಿದ್ಯುತ್ತಿನ ಖರ್ಚನ್ನೂ ಪ್ರಶ್ನಿಸಿದರು. ಇದು ಎಲ್ಲರಿಗೂ ಹಿಡಿಸಲಿಲ್ಲ. 1991ರಲ್ಲಿ ನಿವೃತ್ತರಾದರು. 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ತೀರಿಕೊಂಡರು.

ನಿಮ್ಮ ಮನೆಯಲ್ಲಿ ಚಿಮಣಿ ಇರುವ ಒಲೆ ಇದ್ದರೆ ಒಂದು ಮಾತು. ಚಿಮಣಿಯಲ್ಲಿ ಮಸಿ ಕಟ್ಟಿದರೆ ಹೊಗೆ ತಿರುಗಿ ಅಡುಗೆಮನೆಗೇ ಬರುತ್ತದೆ. ಆಗಾಗ ಕೆರೆದು ತೆಗೆಯಿರಿ. ದೊಡ್ಡ ಕಟ್ಟಿಗೆ ಹಿಡಿಸಲೆಂದು ಒಲೆಯ ಬಾಯಿ ಒಡೆದು ಅಗಲ ಮಾಡಬೇಡಿ. ಗಾಳಿಯ ಅಳತೆ ತಪ್ಪಿದರೆ ಅದು ಮತ್ತೆ ಹಳೇ ಒಲೆಯೇ.