ನಿಕೊಲಾಯ್ ಸ್ಟಾರೊಸ್ಟಿನ್

ನಿಕೊಲಾಯ್ ಪೆಟ್ರೋವಿಚ್ ಸ್ಟಾರೊಸ್ಟಿನ್ (26 ಫೆಬ್ರವರಿ 1902 – 17 ಫೆಬ್ರವರಿ 1996) ಸೋವಿಯತ್ ಒಕ್ಕೂಟದ ಫುಟ್‌ಬಾಲ್ ಆಟಗಾರ, ಐಸ್ ಹಾಕಿ ಆಟಗಾರ ಹಾಗೂ ಕ್ರೀಡಾ ಆಡಳಿತಗಾರ. ರಷ್ಯಾದ ಪ್ರಸಿದ್ಧ ವೃತ್ತಿಪರ ಫುಟ್‌ಬಾಲ್ ಕ್ಲಬ್ ಆದ ಸ್ಪಾರ್ಟಕ್ ಮಾಸ್ಕೋದ ಸ್ಥಾಪಕರಲ್ಲಿ ಇವರು ಪ್ರಮುಖರು. ಅಲೆಕ್ಸಾಂಡರ್, ಆಂದ್ರೇ ಮತ್ತು ಪ್ಯೋತರ್ ಎಂಬ ಮೂವರು ತಮ್ಮಂದಿರೂ ಇವರೊಂದಿಗೆ ಆಡಿದ ಫುಟ್‌ಬಾಲ್ ಪಟುಗಳು. ಸ್ಟಾಲಿನ್ ಆಡಳಿತಕಾಲದಲ್ಲಿ ನಾಲ್ವರು ಸಹೋದರರೂ ಸೆರೆವಾಸವನ್ನು ಅನುಭವಿಸಿದರು.

ಆರಂಭಿಕ ಜೀವನ

ಸ್ಟಾರೊಸ್ಟಿನ್ ಅವರು ಮಾಸ್ಕೋ ನಗರದಲ್ಲಿ ಜನಿಸಿ, ಅಲ್ಲಿನ ಪ್ರೆಸ್ನ್ಯಾ ಬಡಾವಣೆಯಲ್ಲಿ ಬೆಳೆದರು. ಅವರ ತಂದೆ ಬೇಟೆಗಾರರ ಸಂಘವೊಂದರಲ್ಲಿ ಮಾರ್ಗದರ್ಶಿಯಾಗಿದ್ದರು. 1917ರ ಕ್ರಾಂತಿಯ ನಂತರದ ಅಂತರ್ಯುದ್ಧದ ದಿನಗಳಲ್ಲಿ, 1920ರಲ್ಲಿ, ತಂದೆ ಟೈಫಸ್ ಜ್ವರದಿಂದ ತೀರಿಕೊಂಡರು. ಆಗ ಕುಟುಂಬದ ಹೊಣೆ ಹಿರಿಯ ಮಗನಾದ ನಿಕೊಲಾಯ್ ಅವರ ಮೇಲೆ ಬಿತ್ತು. ಬೇಸಿಗೆಯಲ್ಲಿ ಫುಟ್‌ಬಾಲ್, ಚಳಿಗಾಲದಲ್ಲಿ ಹಾಕಿ ಆಡಿ ಅವರು ತಾಯಿ ಮತ್ತು ಒಡಹುಟ್ಟಿದವರನ್ನು ಸಲಹಿದರು. ಮೈದಾನದಲ್ಲಿ ಬಲಬದಿಯ ಮುನ್ಪಡೆ ಆಟಗಾರರಾಗಿದ್ದ ಅವರು ವೇಗದ ಓಟಕ್ಕೆ ಹೆಸರಾಗಿದ್ದರು.

ಸ್ಪಾರ್ಟಕ್ ಸ್ಥಾಪನೆ

1922ರಲ್ಲಿ ಪ್ರೆಸ್ನ್ಯಾದ ಯುವಕರು ಸೇರಿ 'ಮಾಸ್ಕೋ ಕ್ರೀಡಾ ವೃತ್ತ' ಎಂಬ ತಂಡವನ್ನು ಕಟ್ಟಿದರು. ಇಂದಿನ ಸ್ಪಾರ್ಟಕ್ ಕ್ಲಬ್ ಇದನ್ನೇ ತನ್ನ ಮೂಲವೆಂದು ಪರಿಗಣಿಸುತ್ತದೆ. ತಂಡವು ಮುಂದೆ 'ಕ್ರಾಸ್ನಾಯಾ ಪ್ರೆಸ್ನ್ಯಾ' ಎಂಬ ಹೆಸರನ್ನು ಪಡೆಯಿತು. 1926ರಲ್ಲಿ ಆಹಾರೋದ್ಯಮ ಕಾರ್ಮಿಕರ ಸಂಘದ ಆಶ್ರಯಕ್ಕೆ ಬಂದು 'ಪಿಶ್ಚೆವಿಕಿ' ಎನಿಸಿಕೊಂಡ ತಂಡವು ಬಳಿಕ ಕರಕುಶಲ ಸಹಕಾರ ಸಂಘಗಳ ಒಕ್ಕೂಟವಾದ 'ಪ್ರೋಮ್‌ಕೂಪೆರಾತ್ಸಿಯಾ'ದ ಬೆಂಬಲವನ್ನು ಗಳಿಸಿತು.

ಯುವ ಕಮ್ಯುನಿಸ್ಟ್ ಸಂಘಟನೆಯ ನಾಯಕ ಅಲೆಕ್ಸಾಂಡರ್ ಕೊಸಾರೆವ್ ಅವರ ನೆರವಿನಿಂದ 1935ರಲ್ಲಿ ಸ್ಪಾರ್ಟಕ್ ಕ್ರೀಡಾ ಸಂಘವು ಸ್ಥಾಪನೆಯಾಯಿತು. ಪ್ರಾಚೀನ ರೋಮ್‌ನಲ್ಲಿ ಗುಲಾಮರ ದಂಗೆಯನ್ನು ಮುನ್ನಡೆಸಿದ ಸ್ಪಾರ್ಟಕಸ್‌ನ ಹೆಸರನ್ನು ಸ್ಟಾರೊಸ್ಟಿನ್ ಅವರೇ ಸೂಚಿಸಿದರು. ಆ ಕಾಲದಲ್ಲಿ ಡೈನಮೋ ಕ್ಲಬ್ ರಹಸ್ಯ ಪೊಲೀಸ್ ಇಲಾಖೆಗೆ ಸೇರಿತ್ತು. ಸೇನೆಗೆ ತನ್ನದೇ ತಂಡವಿತ್ತು. ಇವೆರಡಕ್ಕೂ ಹೊರತಾಗಿದ್ದ ಸ್ಪಾರ್ಟಕ್ ಜನಸಾಮಾನ್ಯರ ತಂಡವೆಂದು ಖ್ಯಾತಿ ಪಡೆಯಿತು.

1936ರಲ್ಲಿ ಮಾಸ್ಕೋದ ಕೆಂಪು ಚೌಕದಲ್ಲಿ ಬೃಹತ್ ಹಸಿರು ಜಮಖಾನೆಯನ್ನು ಹಾಸಿ ಸ್ಟಾಲಿನ್ ಎದುರು ಪ್ರದರ್ಶನ ಪಂದ್ಯವನ್ನು ಏರ್ಪಡಿಸಲಾಯಿತು. ಇದರಲ್ಲಿ ಸ್ಪಾರ್ಟಕ್‌ನ ಮುಖ್ಯ ತಂಡ ಮತ್ತು ಮೀಸಲು ತಂಡಗಳು ಸೆಣಸಿದವು. ಅದೇ ವರ್ಷ ಆರಂಭಗೊಂಡ ಸೋವಿಯತ್ ಲೀಗ್‌ನಲ್ಲಿ ವಸಂತಕಾಲದ ಪ್ರಶಸ್ತಿಯನ್ನು ಡೈನಮೋ ಮಾಸ್ಕೋ ಗೆದ್ದರೆ, ಶರತ್ಕಾಲದ ಪ್ರಶಸ್ತಿ ಸ್ಪಾರ್ಟಕ್ ಪಾಲಾಯಿತು. 1937ರಲ್ಲಿ ಸೋವಿಯತ್ ಪ್ರವಾಸ ಕೈಗೊಂಡಿದ್ದ ಬಾಸ್ಕ್ ತಂಡವನ್ನು ಸ್ಪಾರ್ಟಕ್ 6–2 ಅಂತರದಿಂದ ಸೋಲಿಸಿತು.

1939ರ ವಿವಾದ

1938 ಮತ್ತು 1939ರಲ್ಲಿ ಸ್ಪಾರ್ಟಕ್ ಲೀಗ್ ಹಾಗೂ ಕಪ್ ಎರಡನ್ನೂ ಗೆದ್ದಿತು. 1939ರ ಕಪ್ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ತಂಡವು ಡೈನಮೋ ಟಿಬಿಲಿಸಿಯನ್ನು 1–0ರಿಂದ ಮಣಿಸಿ, ಫೈನಲ್‌ನಲ್ಲಿ ಲೆನಿನ್‌ಗ್ರಾಡ್‌ನ ಸ್ತಾಲಿನೆಟ್ಸ್ ತಂಡವನ್ನು 3–1ರಿಂದ ಸೋಲಿಸಿತ್ತು. ಕಪ್ ಕೈಸೇರಿದ ಮೇಲೆ, ಸೆಮಿಫೈನಲ್‌ ಅನ್ನು ಮತ್ತೆ ಆಡಬೇಕೆಂಬ ಆದೇಶ ಮೇಲಿನಿಂದ ಬಂದಿತು. ರಹಸ್ಯ ಪೊಲೀಸ್ ಇಲಾಖೆಯ ಮುಖ್ಯಸ್ಥ ಲವ್ರೆಂತಿ ಬೆರಿಯಾ ಜಾರ್ಜಿಯಾದವರಾಗಿದ್ದು, ಡೈನಮೋ ಕ್ಲಬ್‌ಗಳ ಪೋಷಕರಾಗಿದ್ದರು. ಮರುಪಂದ್ಯದಲ್ಲಿಯೂ ಸ್ಪಾರ್ಟಕ್ 3–2ರಿಂದ ಗೆದ್ದು ಕಪ್ಪನ್ನು ಉಳಿಸಿಕೊಂಡಿತು. ಇದಕ್ಕೂ ಮುನ್ನವೇ ಕ್ಲಬ್‌ನ ಹಿತೈಷಿಯಾಗಿದ್ದ ಕೊಸಾರೆವ್ ಬಂಧನಕ್ಕೊಳಗಾಗಿ ಮರಣದಂಡನೆಗೆ ಗುರಿಯಾಗಿದ್ದರು.

ಬಂಧನ ಮತ್ತು ಗಡೀಪಾರು

1942ರ ಮಾರ್ಚ್ ತಿಂಗಳಲ್ಲಿ ಸ್ಟಾರೊಸ್ಟಿನ್ ಅವರನ್ನು ಬಂಧಿಸಲಾಯಿತು. ತಮ್ಮಂದಿರನ್ನೂ ಸೆರೆಹಿಡಿಯಲಾಯಿತು. ಲುಬ್ಯಾಂಕಾ ಸೆರೆಮನೆಯಲ್ಲಿ ದೀರ್ಘಕಾಲ ವಿಚಾರಣೆ ನಡೆಯಿತು. ಸ್ಟಾಲಿನ್ ಹತ್ಯೆಗೆ ಸಂಚು ಹೂಡಿದ ಆರೋಪವು ಸಾಬೀತಾಗಲಿಲ್ಲ. ಅಂತಿಮವಾಗಿ, ಬಂಡವಾಳಶಾಹಿ ದೇಶಗಳ ಕ್ರೀಡಾಪದ್ಧತಿಯನ್ನು ಹೊಗಳಿದರೆಂಬ ಆರೋಪವೂ ಸೇರಿದಂತೆ ಹಲವು ಕಾರಣಗಳಿಗಾಗಿ 1943ರಲ್ಲಿ ಸಹೋದರರಿಗೆ ತಲಾ 10 ವರ್ಷಗಳ ಶಿಕ್ಷೆ ವಿಧಿಸಲಾಯಿತು.

ಶ್ರಮಶಿಬಿರಗಳಲ್ಲಿ ಅವರ ಹೆಸರೇ ಅವರಿಗೆ ರಕ್ಷಣೆಯಾಯಿತು. ಶಿಬಿರಗಳ ಅಧಿಕಾರಿಗಳು ತಮ್ಮ ಸ್ಥಳೀಯ ತಂಡಗಳಿಗೆ ಒಳ್ಳೆಯ ತರಬೇತುದಾರರನ್ನು ಹುಡುಕುತ್ತಿದ್ದುದರಿಂದ, ಉಖ್ತಾ, ಖಬರೊವ್‌ಸ್ಕ್ ಮೊದಲಾದ ಕಡೆಗಳಲ್ಲಿ ಅವರು ಫುಟ್‌ಬಾಲ್ ತರಬೇತಿ ನೀಡಿದರು. ಹೀಗೆ ಅವರು ತರಬೇತಿ ನೀಡಿದ ತಂಡಗಳಲ್ಲಿ ಡೈನಮೋ ಹೆಸರಿನವೂ ಇದ್ದವು. 1948ರಲ್ಲಿ ಸ್ಟಾಲಿನ್ ಅವರ ಮಗ, ವಾಯುಸೇನಾಧಿಕಾರಿ ವಾಸಿಲಿ ಸ್ಟಾಲಿನ್, ವಾಯುಸೇನೆಯ ತಂಡಕ್ಕಾಗಿ ಅವರನ್ನು ಮಾಸ್ಕೋಗೆ ಕರೆತಂದರು. ಆದರೆ ರಾಜಧಾನಿಯಲ್ಲಿ ನೆಲೆಸಲು ಪೊಲೀಸ್ ಇಲಾಖೆ ಬಿಡಲಿಲ್ಲ. ವಾಸಿಲಿ ಅವರು ರಕ್ಷಣೆಗಾಗಿ ತಮ್ಮ ನಿವಾಸದಲ್ಲಿಯೇ ಇರಿಸಿಕೊಂಡಿದ್ದನ್ನು ಸ್ಟಾರೊಸ್ಟಿನ್ ಆತ್ಮಕಥನದಲ್ಲಿ ವಿವರಿಸಿದ್ದಾರೆ. ಕೊನೆಗೆ ಅವರು ಮತ್ತೆ ಗಡೀಪಾರಾಗಿ, ಕಜಕ್‌ಸ್ತಾನದ ಅಲ್ಮಾ-ಅತಾ ನಗರದಲ್ಲಿ ತರಬೇತುದಾರರಾಗಿ ಕೆಲಸ ಮಾಡಿದರು.

ಮರಳಿ ಸ್ಪಾರ್ಟಕ್‌ಗೆ

1953ರಲ್ಲಿ ಸ್ಟಾಲಿನ್ ನಿಧನರಾದರು. ಅದೇ ವರ್ಷಾಂತ್ಯದಲ್ಲಿ ಬೆರಿಯಾ ಮರಣದಂಡನೆಗೆ ಗುರಿಯಾದರು. ಬಳಿಕ ಸಹೋದರರ ಮೇಲಿನ ತೀರ್ಪು ರದ್ದಾಯಿತು. 1955ರಲ್ಲಿ ಸ್ಟಾರೊಸ್ಟಿನ್ ಸ್ಪಾರ್ಟಕ್‌ನ ಮುಖ್ಯಸ್ಥರಾಗಿ ಮರಳಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸೋವಿಯತ್ ತಂಡದಲ್ಲಿ ನಾಯಕ ಇಗೋರ್ ನೆಟ್ಟೊ ಸೇರಿದಂತೆ ಹಲವರು ಸ್ಪಾರ್ಟಕ್ ಆಟಗಾರರಾಗಿದ್ದರು.

1970ರ ದಶಕದ ಮಧ್ಯಭಾಗದಲ್ಲಿ ಅವರು ಕೆಲಕಾಲ ಹುದ್ದೆಯಿಂದ ದೂರವಿದ್ದರು. 1976ರಲ್ಲಿ ಕ್ಲಬ್ ಮೊದಲ ಬಾರಿಗೆ ಉನ್ನತ ಶ್ರೇಣಿಯಿಂದ ಕೆಳಗಿಳಿಯಿತು. ಸ್ಟಾರೊಸ್ಟಿನ್ ಅವರು ಮರಳಿ ಬಂದು, ತರಬೇತುದಾರ ಕಾನ್‌ಸ್ಟಾಂಟಿನ್ ಬೆಸ್ಕೊವ್ ಅವರೊಂದಿಗೆ ತಂಡವನ್ನು ಪುನಃ ಕಟ್ಟಿದರು. ಮರುವರ್ಷವೇ ಉನ್ನತ ಶ್ರೇಣಿಗೆ ಅರ್ಹತೆ ಗಳಿಸಿದ ಸ್ಪಾರ್ಟಕ್ 1979ರಲ್ಲಿ ಚಾಂಪಿಯನ್ ಆಯಿತು. ಬೆಸ್ಕೊವ್ ಡೈನಮೋದ ಮಾಜಿ ಆಟಗಾರರಾಗಿದ್ದುದು ಗಮನಾರ್ಹ.

ಕ್ಲಬ್‌ನ ದಾಖಲೆಗಳು

ಸ್ಪಾರ್ಟಕ್ ಮಾಸ್ಕೋ ಒಟ್ಟು 12 ಬಾರಿ ಸೋವಿಯತ್ ಲೀಗ್ ಚಾಂಪಿಯನ್ ಆಗಿದೆ. 10 ಬಾರಿ ಸೋವಿಯತ್ ಕಪ್ ಗೆದ್ದಿರುವುದು ಆ ಪಂದ್ಯಾವಳಿಯ ದಾಖಲೆಯಾಗಿದೆ. ಸೋವಿಯತ್ ಒಕ್ಕೂಟದ ವಿಘಟನೆಯ ಬಳಿಕ 1992ರಿಂದ 2001ರ ಅವಧಿಯಲ್ಲಿ 9 ಬಾರಿ ಹಾಗೂ 2017ರಲ್ಲಿ ಮತ್ತೊಮ್ಮೆ ರಷ್ಯಾದ ಲೀಗ್ ಪ್ರಶಸ್ತಿಯನ್ನು ಪಡೆಯಿತು. ಸ್ಟಾರೊಸ್ಟಿನ್ ಅವರ ಜೀವಿತದ ಕೊನೆಯ ಋತುವಿನಲ್ಲಿ, 1995ರ ಚಾಂಪಿಯನ್ಸ್ ಲೀಗ್ ಗುಂಪು ಹಂತದ ಆರೂ ಪಂದ್ಯಗಳನ್ನು ತಂಡವು ಗೆದ್ದುಕೊಂಡಿತು.

ನಿಧನ ಮತ್ತು ಸ್ಮರಣೆ

1990ರಲ್ಲಿ ಅವರಿಗೆ 'ಸಮಾಜವಾದಿ ಶ್ರಮವೀರ' ಗೌರವ ಸಂದಿತು. ಅವರ ಆತ್ಮಕಥನವು 1989ರಲ್ಲಿ ಪ್ರಕಟವಾಗಿದ್ದು, ಸ್ಟಾಲಿನ್ ಕಾಲದ ಕ್ರೀಡಾಲೋಕದ ಅಧ್ಯಯನಕ್ಕೆ ಮಹತ್ವದ ಆಕರವೆನಿಸಿದೆ. 1996ರ ಫೆಬ್ರವರಿ 17ರಂದು, 94ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳ ಮುನ್ನ, ಮಾಸ್ಕೋದಲ್ಲಿ ನಿಧನರಾದರು. ಅವರ ಸಮಾಧಿ ವಗಾನ್‌ಕೊವೊ ಸ್ಮಶಾನದಲ್ಲಿದೆ. 2014ರಲ್ಲಿ ಉದ್ಘಾಟನೆಗೊಂಡ ಸ್ಪಾರ್ಟಕ್ ಕ್ರೀಡಾಂಗಣದಲ್ಲಿ ನಾಲ್ವರು ಸಹೋದರರ ಪ್ರತಿಮೆಗಳನ್ನು ಸ್ಥಾಪಿಸಲಾಗಿದೆ.